ಎರಡು ದನಿಗೆ ಒಂದೇ ಮೈಕು

ಮಧ್ಯಾಹ್ನ ಊಟ ಮುಗಿಸಿ ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಅಡ್ಡಾದರೆ ಈಗಲೂ ನನಗೆ ಆ ಗುಂಯ್ ಶಬ್ದ ಕೇಳುತ್ತದೆ. ಮೈಕನ್ನು ಸ್ಪೀಕರಿಗೆ ಜೋಡಿಸಿ, ಇನ್ನೂ ಯಾರೂ ಬಾಯಿ ತೆರೆಯದೆ ಇರುವಾಗ ಬರುವ ಸಣ್ಣ ಗುಂಯ್. ನನ್ನ ಹೆಂಡತಿ ಅದು ಫ್ಯಾನಿನ ಸದ್ದು ಅನ್ನುತ್ತಾಳೆ. ಇರಬಹುದು. ಆದರೆ ಕರೆಂಟು ಹೋದಾಗಲೂ ಕೇಳುತ್ತದಲ್ಲ, ಅದಕ್ಕೇನನ್ನಬೇಕು? ಅರೆಗಣ್ಣು ಮುಚ್ಚಿದರೆ ಸಾಕು, ಯಾವುದೋ ಊರ ಮುಂದಿನ ಬಯಲು ಬರುತ್ತದೆ. ಬೇವಿನ ನೆರಳು ಬರುತ್ತದೆ. ಆಚೆ ಹೂಬಿಟ್ಟ ತೊಗರಿ ಹೊಲ ಹಳದಿಯಾಗಿ ಕಣ್ಣು ಹರಿಯುವಷ್ಟು ದೂರ ಹಬ್ಬಿರುತ್ತದೆ. ಯಾವ ಊರು ಎಂದು ಮಾತ್ರ ತಿಳಿಯುವುದಿಲ್ಲ. ಎಲ್ಲ ಊರೂ ಕೂಡಿ ಒಂದೇ ಊರಾಗಿಬಿಟ್ಟಿದೆ.

ನಿವೃತ್ತನಾಗಿ ಎರಡು ಮಳೆಗಾಲ ಕಳೆದವು. ನನ್ನ ಜಾಗಕ್ಕೆ ಬಂದವರು, ಅಂಥದೇ ಕೆಲಸಕ್ಕೆ ಬೇರೆ ಕಡೆ ಸೇರಿದವರು ಆಗೀಗ ಫೋನು ಮಾಡಿ ಯಾವ ಪಿನ್ನು ಯಾವ ತೂತಿಗೆ ಎಂದು ಕೇಳುತ್ತಾರೆ. ಹೇಳುತ್ತೇನೆ. ಅದು ಎರಡು ನಿಮಿಷದ ಮಾತು. ಉಳಿದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಬರೆಯಲು ಕುಳಿತೆ. ಇದರಲ್ಲಿ ಸರಸಂಬಾದ ಚಂದಮ್ಮನ ವಿಷಯವೇ ಹೆಚ್ಚು ಬರುತ್ತದೆ. ಅವಳ ಹಾಡು ನಿಂತೇಹೋಗುವುದರಲ್ಲಿತ್ತು, ಅದರಲ್ಲಿ ನನ್ನ ಕೈವಾಡವೂ ಇತ್ತು. ಹೇಳದೆ ಬಿಟ್ಟರೆ ನನಗೆ ನೆಮ್ಮದಿಯಿಲ್ಲ.

ನಮ್ಮದು ತಾಯಿ-ಮಕ್ಕಳ ಆರೋಗ್ಯದ ಬಗ್ಗೆ ಊರೂರು ತಿರುಗಿ ತಿಳಿವಳಿಕೆ ಹೇಳುವ ತಂಡ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕು ನಮ್ಮ ಸರಹದ್ದು. ಒಂದು ಜೀಪು, ಒಬ್ಬರು ಸಾಹೇಬರು, ಒಬ್ಬರು ನರ್ಸಮ್ಮ, ಹಾಡುವ ಇಬ್ಬರು ಹೆಣ್ಣುಮಕ್ಕಳು, ಮತ್ತು ನಾನು. ಕಾಗದದ ಮೇಲೆ ನನ್ನ ಹುದ್ದೆಗೆ ಉದ್ದನೆಯ ಹೆಸರಿತ್ತು. ಊರವರಿಗೆ ನಾನು ಮೈಕ್ ಮರೆಪ್ಪ.

ಮೊದಮೊದಲು ಲಾರಿ ಬ್ಯಾಟರಿ, ಆಂಪ್ಲಿಫೈಯರು, ಕಹಳೆಯಂತೆ ಬಾಯಗಲವಾದ ಕಬ್ಬಿಣದ ಭೋಂಗಾ ಹೊತ್ತು ತಿರುಗಿದೆವು. ಭೋಂಗಾವನ್ನು ಮರ ಹತ್ತಿ ಕಟ್ಟಬೇಕು. ನಾನು ಹತ್ತದ ಬೇವಿನ ಮರ ಮೂರು ತಾಲೂಕಿನಲ್ಲಿ ಇರಲಿಕ್ಕಿಲ್ಲ. ಟೊಂಗೆಯ ಮೇಲೆ ಕುಳಿತು ಕೆಳಗೆ ನೋಡಿದರೆ ಜೀಪು, ಸಾಹೇಬರು, ಅವರ ಕಡತ ಎಲ್ಲ ಆಟಿಕೆಯಂತೆ ಕಾಣುತ್ತಿತ್ತು. ಇಳಿಯಲು ಮನಸ್ಸೇ ಬರುತ್ತಿರಲಿಲ್ಲ. ಆಮೇಲೆ ಗಾಲಿಯಿರುವ, ಒಳಗೇ ಬ್ಯಾಟರಿಯಿರುವ ಸ್ಪೀಕರು ಬಂತು. ಸೂಟ್‌ಕೇಸಿನ ಹಾಗೆ ಎಳೆದುಕೊಂಡು ಹೋಗುವುದು. ಮರ ಹತ್ತುವ ಕೆಲಸ ತಪ್ಪಿತು, ನನಗೆ ಹೊಟ್ಟೆ ಬಂತು.

ಇನ್ನು ಆ ಎರಡು ನಿಮಿಷದ ಮಾತು. ಮೊದಲು ಸ್ಪೀಕರಿನ ಆವಾಜು ಪೂರ್ತಿ ಇಳಿಸಿ. ಆಮೇಲೆ ವಾಯರಿನ ದಪ್ಪ ಪಿನ್ನನ್ನು ಮೈಕಿನ ತೂತಿಗೆ ಹಾಕಿ. ಪಕ್ಕದಲ್ಲೇ ಅದೇ ಗಾತ್ರದ ಇನ್ನೊಂದು ತೂತು ಇರುತ್ತದೆ, ಅದು ವಾದ್ಯಕ್ಕೆ. ಅದಕ್ಕೆ ಹಾಕಿದರೆ ದನಿ ಬಾವಿಯೊಳಗಿಂದ ಬಂದಂತೆ ಕ್ಷೀಣವಾಗಿ ಬರುತ್ತದೆ. ಮೈಕಿನ ಸ್ವಿಚ್ಚು ಹಾಕಿದ ಮೇಲೆ ಆವಾಜನ್ನು ನಿಧಾನಕ್ಕೆ ಏರಿಸಿ. ಏರಿಸಿಟ್ಟು ಪಿನ್ನು ಚುಚ್ಚಿದರೆ ಡಬ್ ಎಂದು ಸದ್ದಾಗಿ ತೊಟ್ಟಿಲ ಕೂಸುಗಳೆಲ್ಲ ಅಳುತ್ತವೆ, ಆಮೇಲೆ ತಾಯಿ-ಮಕ್ಕಳ ಆರೋಗ್ಯದ ಮಾತು ಯಾರು ಕೇಳುತ್ತಾರೆ? ಸ್ಪೀಕರು ಜನರ ಕಡೆ ಮುಖ ಮಾಡಿ ಮುಂದಿರಬೇಕು, ಹಾಡುವವರು ಅದರ ಹಿಂದಿರಬೇಕು. ಬಾಯಿಗೂ ಮೈಕಿಗೂ ನಾಲ್ಕು ಬೆರಳು ಜಾಗ. ವಾಯರಿಲ್ಲದೆ ಬ್ಲೂಟೂತಿನಲ್ಲಿ ಜೋಡಿಸುವ ಆಟಿಕೆ ಮೈಕು ಯಾರಾದರೂ ತಂದುಕೊಟ್ಟರೆ ಕೈಮುಗಿದು ವಾಪಸು ಕಳಿಸಿ. ಅದರಲ್ಲಿ ದನಿ ಒಂದು ಹೆಜ್ಜೆ ಹಿಂದೆ ಬರುತ್ತದೆ. ಹಾಡುವವರು ತಮ್ಮ ದನಿಗೆ ತಾವೇ ಎಡವುತ್ತಾರೆ.

ಇಷ್ಟೆಲ್ಲ ತಿಳಿದಿದ್ದರೂ ಫಜೀತಿ ತಪ್ಪುವುದಿಲ್ಲ. ಅಫಜಲಪುರದ ಒಂದು ಶಾಲೆಯಲ್ಲಿ ಹಿರಿಯರೊಬ್ಬರು ಮೈಕನ್ನು ಹೆಚ್ಚೂಕಡಿಮೆ ಬಾಯೊಳಗೆ ಇಟ್ಟುಕೊಂಡು, ಭವ್ಯ ಭಾರತದ ಭಾವೀ ಪ್ರಜೆಗಳೇ ಎಂದು ಶುರುಮಾಡಿದರು. ಒಂದೊಂದು 'ಭ'ಕಾರಕ್ಕೂ ಸ್ಪೀಕರು ಗುದ್ದು ತಿಂದಂತೆ ಹೊಡೆದುಕೊಂಡಿತು. ನಾನು ಓಡಿಹೋಗಿ ಮೈಕನ್ನು ಒಂಚೂರು ಓರೆ ಮಾಡಿದೆ. ಅವರು ನೆಟ್ಟಗೆ ಮಾಡಿಕೊಂಡರು. ಮತ್ತೆ ಓರೆ, ಮತ್ತೆ ನೆಟ್ಟಗೆ. ಭಾಷಣ ಮುಗಿಯುವವರೆಗೂ ಇದೇ ನಡೆಯಿತು, ಮಕ್ಕಳು ಅದಕ್ಕೇ ಚಪ್ಪಾಳೆ ತಟ್ಟಿದರು. ಜೇವರ್ಗಿಯಲ್ಲಿ ನಮ್ಮ ಸಾಹೇಬರೇ ಮೈಕು ಹಿಡಿದು ಸ್ಪೀಕರಿನ ಎದುರಿಗೇ ಹೋಗಿ ನಿಂತರು. ಅದು ಸೀಟಿ ಹೊಡೆಯತೊಡಗಿತು. ಸಾಹೇಬರು ಮೈಕು ಕೆಟ್ಟಿದೆ ಎಂದು ವರದಿ ಬರೆದರು. ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರಲ್ಲ, ನಮ್ಮ ಕಸುಬಿನಲ್ಲಿ ಆ ನೆಲವೇ ಮೈಕು.

ಚಂದಮ್ಮ ಮತ್ತು ನಾಗಮ್ಮ ನೆಗೆಣ್ಣಿಯರು, ಅಣ್ಣ-ತಮ್ಮಂದಿರ ಹೆಂಡಿರು. ಹೊಲದ ಕೂಲಿಗೆ ಹೋಗುವವರು. ಕಳೆ ತೆಗೆಯುವಾಗ ಹಾಡುತ್ತಿದ್ದುದನ್ನು ಕೇಳಿ ನರ್ಸಮ್ಮ ಅವರನ್ನು ನಮ್ಮ ತಂಡಕ್ಕೆ ಕರೆತಂದರು. ಚಂದಮ್ಮ ಸಾಲು ಎತ್ತುವವಳು, ನಾಗಮ್ಮ ಹಿಡಿಯುವವಳು. ಎತ್ತಿದ ಸಾಲನ್ನು ಇನ್ನೊಬ್ಬರು ಹಿಡಿಯಲೇಬೇಕು. ಹಿಡಿಯುವವರಿಲ್ಲದೆ ಸಾಲು ಎತ್ತಬಾರದು, ಅದು ಅವರ ಕಡೆಯ ಪದ್ಧತಿ. ಅಡಿಗೆಮನೆಯಲ್ಲಿ ಒಬ್ಬಳೇ ಗುನುಗುವಾಗಲೂ ಚಂದಮ್ಮ ಆ ಜೋಡಿ ಪದ ಹಾಡುತ್ತಿರಲಿಲ್ಲವಂತೆ.

ಇಬ್ಬರೂ ಒಂದೇ ಮೈಕಿಗೆ ಕೆನ್ನೆಗೆ ಕೆನ್ನೆ ತಾಗಿಸಿ ನಿಲ್ಲುತ್ತಿದ್ದರು. ಚಂದಮ್ಮ ಎಡಕ್ಕೆ, ನಾಗಮ್ಮ ಬಲಕ್ಕೆ. ಹೊಸದಾಗಿ ಬಂದ ಸಾಹೇಬರೊಬ್ಬರಿಗೆ ಇದು ಬಡತನದ ಲಕ್ಷಣವಾಗಿ ಕಂಡಿತು. ಇಬ್ಬರಿಗೂ ಬೇರೆ ಬೇರೆ ಮೈಕು ಕೊಡು ಮರೆಪ್ಪ ಎಂದರು. ನನಗೂ ಹೌದೆನಿಸಿ ಎರಡು ಮೈಕು ಜೋಡಿಸಿ, ಒಂದು ಮಾರು ಅಂತರದಲ್ಲಿ ನಿಲ್ಲಿಸಿದೆ. ಅವತ್ತು ಹಾಡು ಹಳ್ಳ ಹಿಡಿಯಿತು. ಒಬ್ಬಳ ದನಿ ಮೇಲೆ, ಒಬ್ಬಳದು ಕೆಳಗೆ. ನಾಗಮ್ಮ ಪ್ರತಿ ಸಾಲಿಗೂ ತಡವಾಗಿ ಬಂದಳು. ನಾನು ಆವಾಜಿನ ಎರಡೂ ತಿರುಪು ಹಿಡಿದು ಹೆಣಗಿದ್ದೇ ಬಂತು.

ಮರುದಿನ ಹಳೆಯ ಪದ್ಧತಿಗೇ ಮರಳಿ, ಅವರು ಹಾಡುವುದನ್ನು ಮೊದಲ ಸಲ ಸರಿಯಾಗಿ ನೋಡಿದೆ. ಸಾಲು ಮುಗಿಯುತ್ತ ಬಂದಂತೆ ಚಂದಮ್ಮ ಒಂದು ಗೇಣು ಹಿಂದಕ್ಕೆ ಬಾಗುತ್ತಿದ್ದಳು, ಅಷ್ಟರಲ್ಲೇ ನಾಗಮ್ಮ ಮುಂದಕ್ಕೆ ಬಾಗುತ್ತಿದ್ದಳು. ಆವಾಜು ಏರಿಸುವುದು ಇಳಿಸುವುದು ಎಲ್ಲ ಅವರ ಕುತ್ತಿಗೆಯಲ್ಲೇ ಇತ್ತು. ನಾನು ಸುಮ್ಮನೆ ಕೈಕಟ್ಟಿ ಕೂಡುವುದು ಕಲಿತೆ. ಇಪ್ಪತ್ತು ವರ್ಷ ಹಾಗೇ ಕೂತೆ. ಅವರ ದನಿ ಸ್ಪೀಕರಿನಿಂದ ಹೊರಟು ತೊಗರಿಯ ಹೂವಿನ ಮೇಲೆ ಹಾದು ಎಲ್ಲಿಗೋ ಹೋಗುತ್ತಿತ್ತು. ನಾನೂ ಅದರ ಹಿಂದೆ ಹೋಗಿಬಿಡುತ್ತಿದ್ದೆ. ನರ್ಸಮ್ಮ ಬಂದು ಭುಜ ಅಲ್ಲಾಡಿಸಿದ ಮೇಲೆ ಮೈಕು ಬಂದ್ ಮಾಡಿದ ದಿನಗಳೂ ಇವೆ.

ನಾನು ನಿವೃತ್ತನಾಗಲು ಒಂದು ವರ್ಷವಿದ್ದಾಗ ನಾಗಮ್ಮ ಹೋಗಿಬಿಟ್ಟಳು. ನಾಲ್ಕೇ ದಿನದ ಜ್ವರ. ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ಚಂದಮ್ಮ ಅಳಲಿಲ್ಲ, ಗೋಡೆಗೆ ಒರಗಿ ಕೂತಿದ್ದಳು. ಆಮೇಲೆ ನಾಲ್ಕು ತಿಂಗಳು ಅವಳು ಹಾಡಿಗೆ ಬಾಯಿ ಬಿಡಲಿಲ್ಲ. ಸಾಹೇಬರು ಬೇರೆ ಒಬ್ಬಳನ್ನು ಜೋಡಿ ಮಾಡಿಕೋ ಎಂದು ಹೇಳಿ ನೋಡಿದರು. ಅವಳು ತಲೆ ಅಲ್ಲಾಡಿಸಿದಳು. ನಾನು ಜೀಪು ತೆಗೆದುಕೊಂಡು ಹೋಗಿ ಬರೀ ನಮ್ಮ ಸಂಗಡ ಬಂದು ಕೂಡ್ರಿ ಎಂದು ಕರೆದೆ, ಕೂಡಲು ಬಂದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನನ್ನ ಆಸೆ.

ಬಂದಳು, ನಿಂಬರ್ಗಾದಲ್ಲಿ. ಆ ದಿನ ಪೋಷಣೆಯ ಬಗ್ಗೆ ಕಾರ್ಯಕ್ರಮ. ಚಂದಮ್ಮನ ಹಾಡಿಗೆ ಮುಂಚೆ ಊರಿನ ಮುಖಂಡರೊಬ್ಬರು ಮಾತಾಡಿದರು. ಅವರಿಗೆ ಎಕೋ ಎಂದರೆ ಪ್ರಾಣ. ಹೊಸ ಸ್ಪೀಕರಿನಲ್ಲಿ ಅದಕ್ಕೊಂದು ತಿರುಪು ಇರುತ್ತದೆ, ತಿರುಗಿಸಿದರೆ ಆಡಿದ ಮಾತು ಎರಡು ಮೂರು ಸಲ ಮರಳಿ ಕೇಳುತ್ತದೆ. ಅವರ ಒತ್ತಾಯಕ್ಕೆ ಪೂರ್ತಿ ತಿರುಗಿಸಿಟ್ಟಿದ್ದೆ, ಇಳಿಸಲು ಮರೆತೆ. ಇಷ್ಟು ವರ್ಷದ ಅನುಭವಿ ಮಾಡುವ ತಪ್ಪೇ ಇದು? ಮಾಡಿದೆ. ಯಾಕೆಂದರೆ ನನ್ನ ಕಣ್ಣು ಚಂದಮ್ಮನ ಮೇಲಿತ್ತು. ನರ್ಸಮ್ಮ ಎರಡು ಸಾಲಾದರೂ ಹಾಡು ಎಂದು ಅಂಗಲಾಚಿದ್ದಕ್ಕೆ ಅವಳು ಸೆರಗು ಹೊದ್ದು ಎದ್ದು ಬರುತ್ತಿದ್ದಳು.

ಮೈಕಿನ ಎಡಕ್ಕೆ ನಿಂತಳು. ಬಲಕ್ಕೆ ಜಾಗ ಹಾಗೇ ಬಿಟ್ಟಳು.

"ತೊಗರೀಯ ಹೊಲದಾಗ ನಡದೋರು ಯಾರವ್ವಾ..."

ಸ್ಪೀಕರಿನಿಂದ ಯಾರವ್ವಾ, ಯಾರವ್ವಾ ಎಂದು ಮರಳಿ ಬಂತು. ಎದುರಿನ ಶಾಲೆಯ ಗೋಡೆಗೆ ಬಡಿದು ಇನ್ನೊಮ್ಮೆ ಬಂತು. ದೂರದಿಂದ ಯಾರೋ ಹೆಂಗಸು ಹಾಡಿಕೊಂಡು ಬರುತ್ತಿದ್ದಂತಿತ್ತು. ಚಂದಮ್ಮ ಗಕ್ಕನೆ ಬಲಕ್ಕೆ ತಿರುಗಿ ನೋಡಿದಳು. ಇನ್ನು ಕೂತುಬಿಡುತ್ತಾಳೆ ಎಂದುಕೊಂಡೆ. ಅವಳು ಕೂಡಲಿಲ್ಲ. ಎರಡನೆಯ ಸಾಲು ಎತ್ತಿದಳು, ಗೇಣು ಹಿಂದಕ್ಕೆ ಬಾಗಿ ಕಾದಳು, ದನಿ ಮರಳಿತು. ಮೂರನೆಯದು ಎತ್ತಿದಳು. ಸಾಹೇಬರು ನನ್ನ ಕಿವಿಯಲ್ಲಿ, ಒಂದು ಅಕ್ಷರ ತಿಳಿಯುತ್ತಿಲ್ಲ, ಎಕೋ ಇಳಿಸು ಎಂದು ಸಿಡುಕಿದರು. ತಿರುಪಿನ ಮೇಲೆ ನನ್ನ ಕೈಯಿತ್ತು, ತಿರುಗಿಸಲಿಲ್ಲ. ಹಾಡು ಪೂರ್ತಿ ಆಯಿತು. ನಾನು ಟವೆಲಿನಿಂದ ಸ್ಪೀಕರು ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಅಲ್ಲಿಂದ ಅವಳು ಪ್ರತಿ ಊರಿಗೂ ಬಂದಳು. ಅವಳ ಸರದಿ ಬಂದಾಗ ನಾನು ಮಾತಿಲ್ಲದೆ ಎಕೋ ಏರಿಸುತ್ತಿದ್ದೆ, ಮುಗಿದ ಮೇಲೆ ಇಳಿಸುತ್ತಿದ್ದೆ. ಬಯಲಿದ್ದರೆ ಇಷ್ಟು, ಗೋಡೆಯಿದ್ದರೆ ಇಷ್ಟು ಎಂದು ಬೆರಳಿಗೆ ರೂಢಿಯಾಯಿತು. ಸಾಹೇಬರಿಗೆ ಯಂತ್ರದ ದೋಷ ಎಂದು ಸುಳ್ಳು ಹೇಳಿದೆ. ಆ ದಿನಗಳು ಈಗ ಕನಸಿನಲ್ಲಿ ನಡೆದಂತೆ ಅನ್ನಿಸುತ್ತವೆ. ಬಿಸಿಲು, ಜೀಪಿನ ಧೂಳು, ಆ ಒಂದು ದನಿ ಎರಡಾಗಿ ಹೊಲಗಳ ಮೇಲೆ ತೇಲುವುದು. ನಾಗಮ್ಮ ಎಲ್ಲೋ ಹಿಂದೆ ಉಳಿದಿದ್ದಾಳೆ, ಇನ್ನೇನು ಬಂದುಬಿಡುತ್ತಾಳೆ ಎಂದು ನನಗೇ ಭ್ರಮೆಯಾಗುತ್ತಿತ್ತು. ಆದರೆ ರಾತ್ರಿ ಮಲಗಿದರೆ ಮನಸ್ಸು ಚುಚ್ಚುತ್ತಿತ್ತು. ಪಾಪದ ಹೆಂಗಸಿಗೆ ಪೆಟ್ಟಿಗೆಯೊಂದನ್ನು ತೋರಿಸಿ ಅವಳ ನೆಗೆಣ್ಣಿ ಎಂದು ನಂಬಿಸುತ್ತಿದ್ದೇನಲ್ಲ ಎಂದು.

ಘತ್ತರಗಿಯಲ್ಲಿ ಅದು ಬಯಲಾಯಿತು. ಭಾಗ್ಯವಂತಿ ದೇವಿಯ ದರ್ಶನಕ್ಕೆ ಬಂದ ಹೆಣ್ಣುಮಕ್ಕಳು ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚುವ ಹೊತ್ತು. ಅಲ್ಲೇ ನಮ್ಮ ಕಾರ್ಯಕ್ರಮ. ಭೀಮೆಯಲ್ಲಿ ನೀರು ನಿಧಾನಕ್ಕೆ, ಹರಿಯುವುದೋ ನಿಂತಿದೆಯೋ ತಿಳಿಯದ ಹಾಗೆ ಹೋಗುತ್ತಿತ್ತು. ಗಾಳಿಗೆಂದು ಮೈಕಿಗೆ ಸ್ಪಂಜಿನ ಟೋಪಿ ಹಾಕುತ್ತಿದ್ದೆ. ಚಂದಮ್ಮ ಬಂದು ಪಕ್ಕದ ಕಲ್ಲಿನ ಮೇಲೆ ಕೂತಳು.

"ತಮ್ಮಾ, ಇವತ್ತಿಗಿ ಸಾಕ್ ಮಾಡ್ತೇನಿ. ನಾಳಿಂದ ನನಗ ಕರಿಲಾಕ ಬರಬ್ಯಾಡ."

ಎಕೋದ ಗುಟ್ಟು ತಿಳಿದೇ ಬಿಡುತ್ತಿದ್ದಾಳೆ ಎಂದುಕೊಂಡೆ. ಯಾವತ್ತಾದರೂ ಹೇಳಲೇಬೇಕಿತ್ತು, ಹೇಳಿಬಿಟ್ಟೆ. ಆ ಮರಳಿ ಬರುವ ದನಿ ಯಂತ್ರದ್ದು, ಮೊದಲ ದಿನ ನನ್ನ ಮರೆವಿನಿಂದ ಆದದ್ದು, ಆಮೇಲೆ ಬೇಕಂತಲೇ ಮಾಡಿದ್ದು, ತಪ್ಪಾಯಿತು ಎಂದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ನಕ್ಕಳು.

"ಮೊದಲನೇ ದಿನಾನೇ ಗೊತ್ತಾತು. ನನ್ನ ದನಿ ನನಗ ತಿಳಿಯಂಗಿಲ್ಲೇನು? ನೀ ಅಷ್ಟು ಕಾಳಜಿಲೆ ಅದನ್ನ ತಿರುವತಿದ್ದಿ. ನಿನ್ನ ಮನಸ್ಸು ಯಾಕ ಮುರೀಲಿ ಅಂತ ಸುಮ್ಮನಿದ್ದೆ."

ನಾನು ಅವಳಿಗಾಗಿ, ಅವಳು ನನಗಾಗಿ. ಎಷ್ಟು ತಿಂಗಳು ಹೀಗೆ ಒಬ್ಬರಿಗೊಬ್ಬರು ನಾಟಕವಾಡಿದೆವೋ! ಹಾಗಾದರೆ ಈಗ ಯಾಕೆ ಬಿಡುತ್ತೀರಿ ಯಕ್ಕಾ ಎಂದು ಕೇಳಿದೆ.

"ನಾ ಯಾರವ್ವ ಅಂತ ಕೇಳ್ತೇನಿ. ಅದೂ ತಿರುಗಿ ಯಾರವ್ವ ಅಂತ ನನಗೇ ಕೇಳ್ತದ. ನಾಗಿ ನಾವವ್ವ ಅಂತಿದ್ಳು, ತಮ್ಮಾ. ತೊಗರಿ ಹೊಲದಾಗ ನಡದೋರು ನಾವವ್ವ. ಬಿಸಿಲಾಗ ಬೆವತೋರು ನಾವವ್ವ. ಎಷ್ಟ್ ದಿನ ಅಂತ ಕೇಳಿದ್ದೇ ಕೇಳ್ಲಿ ನಾ?"

ನನಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ನಾಗಮ್ಮನ ದನಿ ಎಷ್ಟು ಏರಿತು, ಎಷ್ಟು ಇಳಿಯಿತು, ಎಲ್ಲಿ ಒಡೆಯಿತು, ಎಲ್ಲ ನನಗೆ ಗೊತ್ತಿತ್ತು. ಅವಳು ಏನು ಹಾಡುತ್ತಿದ್ದಾಳೆ ಎಂದು ಒಂದು ದಿನವೂ ಕಿವಿಗೊಟ್ಟಿರಲಿಲ್ಲ. ಚಂದಮ್ಮ ಹೇಳಿದ್ದನ್ನೇ ತಿರುಗಿ ಹೇಳುತ್ತಾಳೆ ಎಂದು ತಿಳಿದಿದ್ದೆ. ಮೈಕಿನವರ ರೋಗ ಇದು. ದನಿಯನ್ನು ನೋಡಿಕೊಳ್ಳುತ್ತ ಮಾತನ್ನು ಕಳೆದುಕೊಳ್ಳುತ್ತೇವೆ. ನೀವು ಇನ್ನೂ ಹೊಸಬರು, ನಿಮಗೂ ಬಂದೇ ಬರುತ್ತದೆ, ಹುಷಾರಾಗಿರಿ.

ಅವಳ ಸರದಿ ಬಂತು. ಎಕೋದ ತಿರುಪನ್ನು ಸೊನ್ನೆಗೆ ಇಳಿಸಿದೆ, ಅವಳು ಅದನ್ನು ನೋಡಿದಳು. ಕಡೆಯ ಸಲ ಎಂದೋ ಏನೋ, ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿ ಎತ್ತಿದಳು.

"ತೊಗರೀಯ ಹೊಲದಾಗ ನಡದೋರು ಯಾರವ್ವಾ..."

ಗೇಣು ಹಿಂದಕ್ಕೆ ಬಾಗಿದಳು. ಏನೂ ಬರಲಿಲ್ಲ. ಹೊಳೆಯ ಗಾಳಿ ಮಾತ್ರ. ಹೆಂಗಸರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ಅಷ್ಟು ದೊಡ್ಡ ಖಾಲಿ ಜಾಗ ಆ ಹಾಡಿನಲ್ಲಿ ಇತ್ತೆಂದು ನನಗೆ ಆಗಲೇ ತಿಳಿದದ್ದು. ಚಂದಮ್ಮ ಕಣ್ಣು ತೆರೆದು, ಮೈಕಿನಿಂದ ಒಂದು ಹೆಜ್ಜೆ ಸರಿದಳು. ಇನ್ನೊಂದು ಹೆಜ್ಜೆ ಸರಿದರೆ ಮುಗಿಯಿತು, ನನಗೆ ಗೊತ್ತಿತ್ತು.

ಕೂತಲ್ಲಿಂದಲೇ ಹಾಡಿದೆ. ಮೈಕಿಲ್ಲ, ಶ್ರುತಿಯಿಲ್ಲ, ನನ್ನ ಒಡಕು ಗಂಟಲು ಅಷ್ಟೇ.

"ತೊಗರೀಯ ಹೊಲದಾಗ ನಡದೋರು ನಾವವ್ವಾ..."

ನಗೆಯೆದ್ದಿತು. ಮೀಸೆ ಹೊತ್ತವ ನಾವವ್ವ ಅಂತಾನಲ್ಲ ಎಂದು ಒಬ್ಬಾಕೆ ಸೆರಗು ಬಾಯಿಗೊತ್ತಿಕೊಂಡು ಪಕ್ಕದವಳ ಮೇಲೆ ಬಿದ್ದಳು. ಸಾಹೇಬರು ಕತ್ತು ಚಾಚಿ ನನ್ನನ್ನು ನೋಡಿದರು. ಚಂದಮ್ಮ ಒಬ್ಬಳೇ ನಗಲಿಲ್ಲ. ಸರಿದ ಹೆಜ್ಜೆಯನ್ನು ಮರಳಿ ಇಟ್ಟು ಎರಡನೆಯ ಸಾಲು ಎತ್ತಿದಳು.

"ಹಗಲೆಲ್ಲ ಬಿಸಿಲಾಗ ಬೆವತೋರು ಯಾರವ್ವಾ..."

ಈ ಸಲ ನಾನು ಬಾಯಿ ತೆರೆಯುವಷ್ಟರಲ್ಲಿ ನಕ್ಕವಳೇ ಹಿಡಿದಳು. ನನ್ನ ಹಾಡಿನಿಂದ ಹಾಡನ್ನು ಕಾಪಾಡಲಿಕ್ಕೋ ಏನೋ, ಅವಳ ಸಂಗಡ ಇಬ್ಬರು ಮೂವರು ಸೇರಿದರು. ಎಲ್ಲರೂ ಹೊಲದಲ್ಲಿ ಬೆವತವರೇ, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂಸನ್ನು ಕಂಕುಳಲ್ಲಿ ಹೊತ್ತೋರು ಯಾರವ್ವ ಎನ್ನುವ ಸಾಲಿಗೆ ದಂಡೆಯ ಉದ್ದಕ್ಕೂ ನಾವವ್ವ, ನಾವವ್ವ ಎಂದು ಬಂತು. ಮೈಕಿಲ್ಲದ ಅಷ್ಟು ದನಿಯ ಎದುರು ಚಂದಮ್ಮನ ದನಿ ಸ್ಪೀಕರಿನಲ್ಲಿ ಜೋರಾಯಿತು ಅನ್ನಿಸಿತು. ಆವಾಜನ್ನು ಇಳಿಸುತ್ತ ಹೋದೆ. ಅವಳದೂ ಅವರದೂ ಒಂದೇ ಮಟ್ಟಕ್ಕೆ ಬರುವವರೆಗೆ ಇಳಿಸಿದೆ. ಇಷ್ಟು ವರ್ಷ ಸ್ಪೀಕರಿನ ಸಂಗಡ ಕಳೆದವನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಕೇಳಿದರೆ ಇದೊಂದನ್ನೇ ಹೇಳುತ್ತೇನೆ.

ಮುಗಿದ ಮೇಲೆ ಹೆಂಗಸರು ಅವಳನ್ನು ಕೂಡಿಸಿಕೊಂಡು ಬುತ್ತಿಯ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟರು. ನಾನು ಆವಾಜು ಪೂರ್ತಿ ಇಳಿಸಿ, ಪಿನ್ನು ತೆಗೆದು, ವಾಯರು ಸುತ್ತತೊಡಗಿದೆ. ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ನಾಳೆಯಿಂದ ಕರೆಯಲು ಬರಬೇಡ ಎಂದಿದ್ದಳಲ್ಲ. ಅವಳು ಅರ್ಧ ರೊಟ್ಟಿಯ ಮೇಲೆ ಹಿಂಡಿ ಹಾಕಿಕೊಂಡು ತಂದು ನನ್ನ ಕೈಗಿಟ್ಟಳು. ಆಮೇಲೆ ಕೇಳಿದಳು.

"ನಾಳಿಗಿ ಯಾವ ಊರ್ ಅದ, ತಮ್ಮಾ?"